ರೆಬೆಕಾ ಕ್ಲಾರ್ಕ್ ಅವರ ವಯೋಲಾ ಸೊನಾಟಾ
ವಯೋಲಾ ನೋಡಲು ಪಿಟೀಲಿನ ಅಣ್ಣನಂತೆ. ಮೈ ತುಸು ದೊಡ್ಡದು, ಶ್ರುತಿ ಒಂದು ಪಂಚಮದಷ್ಟು ಕೆಳಗೆ. ವಾದ್ಯವೃಂದದಲ್ಲಿ ಬಹುಮಟ್ಟಿಗೆ ನಡುವಿನ ಸ್ವರಗಳನ್ನು ತುಂಬುವುದೇ ಅದರ ಪಾಲಿನ ಕೆಲಸ. ಅದಕ್ಕೆ ಬಾಯಿತುಂಬ ಮಾತಾಡಲು ಬಿಟ್ಟ ಕೃತಿಗಳಲ್ಲಿ ನನಗೆ ಅತಿ ಪ್ರಿಯವಾದದ್ದು, ರೆಬೆಕಾ ಕ್ಲಾರ್ಕ್ 1919ರಲ್ಲಿ ವಯೋಲಾ ಮತ್ತು ಪಿಯಾನೋಗೆಂದು ಬರೆದ ಸೊನಾಟಾ.

ಆಕೆ ಸ್ವತಃ ವಯೋಲಾ ವಾದಕಿ. ಅದು ಮೊದಲ ಸಾಲಿನಲ್ಲೇ ತಿಳಿಯುತ್ತದೆ. ವಯೋಲಾ ಕಹಳೆಯ ಹಾಗೆ ಮೊಳಗುತ್ತದೆ. ಪಿಯಾನೋ ಹಿಡಿದಿಟ್ಟ ಸ್ವರಗಳ ಮೇಲೆ ತಾನೊಂದೇ ಮನೋಧರ್ಮಕ್ಕೆ ಇಳಿದಂತೆ ಹಾಡುತ್ತದೆ. ಎರಡನೆಯ ಭಾಗದಲ್ಲಿ ಮ್ಯೂಟ್ ಹಾಕಿದ ತಂತಿಗಳ ಮೇಲೆ ಚುರುಕಿನ ಓಟ, ನಡುನಡುವೆ ಬೆರಳಿನ ಮೀಟು. ಮೂರನೆಯ ಭಾಗವನ್ನು ಪಿಯಾನೋ ಒಂಟಿಯಾಗಿ, ಬಲು ಸರಳವಾದ ಧಾಟಿಯೊಂದರಿಂದ ಶುರುಮಾಡುತ್ತದೆ.

ಅಮೆರಿಕದಲ್ಲಿ ಎಲಿಜಬೆತ್ ಸ್ಪ್ರೇಗ್ ಕೂಲಿಜ್ ಏರ್ಪಡಿಸಿದ್ದ ಸ್ಪರ್ಧೆಯಲ್ಲಿ ಇದು ಅರ್ನೆಸ್ಟ್ ಬ್ಲಾಖ್ ಅವರ ಕೃತಿಗೆ ಸರಿಸಮ ನಿಂತಿತು. ಕೂಲಿಜ್ ಅವರ ಮತದಿಂದ ಬಹುಮಾನ ಬ್ಲಾಖ್ ಪಾಲಾಯಿತು. ಹೆಣ್ಣೊಬ್ಬಳು ಇಂಥದ್ದನ್ನು ಬರೆದಾಳೇ ಎಂದು ಅನುಮಾನಿಸಿದವರೂ ಇದ್ದರು. ಆ ಅನುಮಾನ ಇಂದು ಯಾರಿಗೂ ಬೇಕಿಲ್ಲ; ಸೊನಾಟಾ ಮಾತ್ರ ವಯೋಲಾ ಕಛೇರಿಗಳಲ್ಲಿ ಗಟ್ಟಿಯಾಗಿ ನೆಲೆನಿಂತಿದೆ. ಪಿಯಾನೋ ಎಂದರೆ ಬರೀ ಪಕ್ಕವಾದ್ಯ ಎಂದುಕೊಂಡವರು ಇದನ್ನೊಮ್ಮೆ ಕೇಳಲೇಬೇಕು: ಇಲ್ಲಿ ಇಬ್ಬರೂ ಮುಖ್ಯ ಕಲಾವಿದರೇ.