ಕಬ್ಬಿಣವಿದ್ದೂ ಕಬ್ಬಿಣದ ಹಸಿವು

ಗದಗ ಜಿಲ್ಲೆಯ ಮುಶಿಗೇರಿ ಸುತ್ತಿನ ಎರೆ ಸೀಮೆಯಲ್ಲಿ ಹಿತ್ತಲಿಗೆ ಲಿಂಬೆ, ಪೇರಲ ನೆಟ್ಟವರನ್ನು ಕಾಡುವ ಚಿಂತೆ ಇದು. ನಾಲ್ಕು ದಿನ ಜಡಿಮಳೆ ಹಿಡಿದು ಬಿಟ್ಟ ಮೇಲೆ ತುದಿಯ ಚಿಗುರು ಹಳದಿಗೆ ತಿರುಗುತ್ತದೆ. ಎಲೆಯ ನರಗಳಷ್ಟೇ ಹಸಿರು ಬಲೆಯಂತೆ ಉಳಿಯುತ್ತವೆ. ಕೂಡಲೇ ಬುಡಕ್ಕೆ ಒಂದು ಬೊಗಸೆ ಯೂರಿಯಾ, ಮೇಲೆ ಎರಡು ಕೊಡ ನೀರು. ಗಿಡಕ್ಕೆ ಬೇಕಾಗಿದ್ದು ಇವೆರಡೂ ಅಲ್ಲ.

ಯಾವ ಎಲೆ ಹಳದಿಯಾಗಿದೆ ಎಂಬುದನ್ನು ಮೊದಲು ನೋಡಬೇಕು. ಸಾರಜನಕ ಕಡಿಮೆಯಾದರೆ ಗಿಡ ಅದನ್ನು ಹಳೆಯ ಎಲೆಗಳಿಂದ ಹಿಂತೆಗೆದು ಚಿಗುರಿಗೆ ಕೊಡುತ್ತದೆ. ಹಾಗಾಗಿ ಕೆಳಗಿನ ಎಲೆ ಇಡಿಯಾಗಿ ಬಿಳಿಚಿಕೊಳ್ಳುತ್ತದೆ. ಮೆಗ್ನೀಸಿಯಂ ಕೊರತೆಯೂ ಹಳೆಯ ಎಲೆಯಲ್ಲೇ ಕಾಣುತ್ತದೆ. ಲಿಂಬೆ ಜಾತಿಯಲ್ಲಿ ಆಗ ತೊಟ್ಟಿನ ಬಳಿ ತ್ರಿಕೋನದಷ್ಟು ಹಸಿರು ಉಳಿದಿರುತ್ತದೆ. ಸತುವಿನ ಕೊರತೆಗೆ ಚಿಗುರೆಲೆ ಸಣ್ಣದಾಗಿ, ಗೊಂಚಲುಗಟ್ಟುತ್ತದೆ. ಕಬ್ಬಿಣದ ರೀತಿಯೇ ಬೇರೆ. ಒಮ್ಮೆ ಎಲೆ ಸೇರಿತೆಂದರೆ ಅದು ಅಲ್ಲಿಂದ ಕದಲುವುದು ತೀರ ಕಡಿಮೆ. ಸೊರಗುವ ಸರದಿ ಹೊಸ ಚಿಗುರಿನದು.

ಹಾಗೆಂದು ಎರೆ ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಅದನ್ನು ಕಟ್ಟಿಹಾಕುವುದು ಸುಣ್ಣ. ಈ ಮಣ್ಣನ್ನು ಅಗೆದರೆ ಬಿಳಿಯ ಸುಣ್ಣದ ಹರಳು ಸಿಗುತ್ತವೆ, ರಸಸಾರ 8 ದಾಟುವುದು ಸಾಮಾನ್ಯ. ಅಷ್ಟು ಕ್ಷಾರದಲ್ಲಿ ಕಬ್ಬಿಣ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬೇಕು. ಮಳೆನೀರು ನಿಂತು ಮಣ್ಣಿನಲ್ಲಿ ಗಾಳಿಯಾಡದಿದ್ದರೆ ಬೇರು ಬಿಟ್ಟ ಇಂಗಾಲದ ಡೈಆಕ್ಸೈಡ್ ಅಲ್ಲೇ ಉಳಿದು, ಸುಣ್ಣದ ಜೊತೆ ಸೇರಿ ಬೈಕಾರ್ಬನೇಟ್ ಆಗುತ್ತದೆ. ಬೋರಿನ ಗಡಸು ನೀರಿನಲ್ಲೂ ಅದು ಧಾರಾಳ. ಇದು ಹೆಚ್ಚಾದಷ್ಟೂ ಕಬ್ಬಿಣ ಚಿಗುರಿಗೆ ದಕ್ಕುವುದು ಕಷ್ಟ. ಮಲಪ್ರಭಾ ಕಾಲುವೆಯ ನರಗುಂದದ ಕಡೆ ನೀರು ಹೆಚ್ಚಾಗಿ ಸವಳಾದ ಹೊಲಗಳಲ್ಲಂತೂ ಹಣ್ಣಿನ ಗಿಡ ನೆಡುವ ಮೊದಲು ಬಸಿಗಾಲುವೆ ತೆಗೆಯಲೇಬೇಕು.

ಮದ್ದು ಹಳೆಯದು. 1843ರ ಸುಮಾರಿಗೆ ಫ್ರಾನ್ಸಿನ ಯೂಸೆಬ್ ಗ್ರಿ ಬಿಳಿಚಿದ ಎಲೆಗಳಿಗೆ ಕಬ್ಬಿಣದ ಲವಣದ ದ್ರಾವಣ ಹಚ್ಚಿ, ಅವು ಮತ್ತೆ ಹಸಿರಾಗುವುದನ್ನು ತೋರಿಸಿದ. ಅದೇ ಶತಮಾನದ ಕೊನೆಯಲ್ಲಿ ಅಲ್ಲಿನ ದ್ರಾಕ್ಷಿ ಬೆಳೆಗಾರರಿಗೆ ದೊಡ್ಡ ಪೆಟ್ಟು ಬಿತ್ತು: ಫಿಲಾಕ್ಸೆರಾ ಕೀಟಕ್ಕೆ ಹೆದರಿ ತರಿಸಿದ ಅಮೆರಿಕದ ಬೇರುಗಿಡಗಳು ಸುಣ್ಣದ ನೆಲದಲ್ಲಿ ಹಳದಿಯಾದವು. 1887ರಲ್ಲಿ ಪಿಯರ್ ವಿಯಾಲಾ ಅಮೆರಿಕಕ್ಕೇ ಹೋಗಿ, ಸುಣ್ಣ ತಾಳುವ ಕಾಡುದ್ರಾಕ್ಷಿಯನ್ನು ಹುಡುಕಬೇಕಾಯಿತು. ಬೇರುಗಿಡದ ಆಯ್ಕೆ ಎಷ್ಟು ಮುಖ್ಯವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಡ. ಲಿಂಬೆ, ಮೋಸಂಬಿ ಜಾತಿಯಲ್ಲಿ ರಂಗಪುರ ಲಿಂಬೆಯ ಬೇರು ಸುಣ್ಣ, ಸವಳು ಎರಡನ್ನೂ ಚೆನ್ನಾಗಿ ತಾಳುತ್ತದೆ. ಸಸಿ ಕೊಳ್ಳುವಾಗ ಕಸಿಯ ಕೆಳಗಿನ ಬೇರು ಯಾವುದೆಂದು ಕೇಳುವವರು ಇನ್ನೂ ಹೆಚ್ಚಬೇಕು.

ಈಗಾಗಲೇ ಹಳದಿಯಾದ ಗಿಡಕ್ಕೆ 10 ಲೀಟರ್ ನೀರಿಗೆ 50 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್), 10 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ಬಿಸಿಲು ಇಳಿದ ಮೇಲೆ ಚಿಗುರಿಗೆ ಸಿಂಪಡಿಸಬೇಕು. ಆಮೇಲೆ ಬರುವ ಚಿಗುರಿಗೆ ಇದು ಸಾಕಾಗದು, ಮತ್ತೆ ಸಿಂಪಡಿಸಬೇಕಾಗುತ್ತದೆ. ಬರಿಯ ಅನ್ನಭೇದಿಯನ್ನು ಬುಡಕ್ಕೆ ಸುರಿಯುವುದು ದುಡ್ಡು ಮಣ್ಣುಪಾಲು ಮಾಡಿದಂತೆಯೇ, ಸುಣ್ಣ ಅದನ್ನೂ ಹಿಡಿದಿಡುತ್ತದೆ. ಬುಡಕ್ಕೇ ಕೊಡುವುದಾದರೆ ಚೀಲೇಟ್ ರೂಪದ ಕಬ್ಬಿಣ ಕೊಡಬೇಕು. ಅದರಲ್ಲೂ ಇಂಥ ಮಣ್ಣಿಗೆ ತಡೆಯುವುದು ಇಡಿಡಿಎಚ್‌ಎ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಇಡಿಟಿಎ ಅಲ್ಲ.

ಹೊಸದಾಗಿ ಗಿಡ ಹಚ್ಚುವವರು ಮೇಲ್ಮಣ್ಣನ್ನಷ್ಟೇ ನಂಬದೆ ಮೂರಡಿ ಅಗೆದು, ಪದರ ಪದರದ ಮಣ್ಣನ್ನು ಬೇರೆ ಬೇರೆಯಾಗಿ ಪರೀಕ್ಷೆಗೆ ಕೊಡಬೇಕು. ಗದಗ ಜಿಲ್ಲೆಯವರು ಸಲಹೆ ಕೇಳಲು ಹುಲಕೋಟಿಯಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ.