ಮುದ್ದು ಬೆಕ್ಕಿನ ಚಿತ್ರ

ಮೈಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳಿರುವ ಪುಟ್ಟ ಕಾಡುಬೆಕ್ಕೊಂದಿದೆ. ಇಂಗ್ಲಿಷಿನಲ್ಲಿ ರಸ್ಟಿ ಸ್ಪಾಟೆಡ್ ಕ್ಯಾಟ್ ಎನ್ನುತ್ತಾರೆ. ಬೆಕ್ಕಿನ ಜಾತಿಯಲ್ಲೇ ಅತಿ ಚಿಕ್ಕವುಗಳಲ್ಲಿ ಒಂದಾದ ಇದನ್ನು ಲೋಕಕ್ಕೆಲ್ಲ ಪರಿಚಯಿಸಿದ್ದು 2018ರಲ್ಲಿ ಬಂದ ಬಿಬಿಸಿಯ ‘ಬಿಗ್ ಕ್ಯಾಟ್ಸ್’ ಸರಣಿ. ಶ್ರೀಲಂಕಾದಲ್ಲಿ ತೆಗೆದ ಆ ತುಣುಕನ್ನು ನಾನು ಮೂರು ಸಲ ನೋಡಿದ್ದೇನೆ. ಚೆಂದವಿದೆ. ರಾತ್ರಿಯಲ್ಲಿ ಓಡಾಡುವ, ಕಣ್ಣಿಗೆ ಬಿದ್ದರೂ ಮರುಕ್ಷಣ ಮಾಯವಾಗುವ ಪ್ರಾಣಿಯನ್ನು ಅಷ್ಟು ಹತ್ತಿರದಿಂದ ತೋರಿಸುವುದು ಹುಡುಗಾಟವಲ್ಲ. ಆದರೂ ನನ್ನದೊಂದು ತಕರಾರಿದೆ.

ಸಿಂಹಕ್ಕಿಂತ 200 ಪಟ್ಟು ಚಿಕ್ಕದು ಎನ್ನುತ್ತದೆ ಚಿತ್ರದ ವಿವರಣೆ. ಸಿಂಹವನ್ನು ಎತ್ತಿ ನೋಡಿದವರು ಯಾರಿದ್ದಾರೆ? ಬೆಳೆದ ಬೆಕ್ಕಿನ ತೂಕ ಒಂದರಿಂದ ಒಂದೂವರೆ ಕಿಲೋ. ಸಿಪ್ಪೆ ಸುಲಿಯದ ತೆಂಗಿನಕಾಯಿಯಷ್ಟು ಎಂದಿದ್ದರೆ ನಮಗೆ ಅಂದಾಜು ಸಿಗುತ್ತಿತ್ತು. ಕ್ಯಾಮೆರಾ ಅದರ ದೊಡ್ಡ ಕಣ್ಣುಗಳಿಗೆ ಎಷ್ಟು ಮರುಳಾಗಿದೆಯೆಂದರೆ, ಇಲಿ, ಹಕ್ಕಿ, ಕಪ್ಪೆ ಹಿಡಿದು ಬದುಕುವ ಬೇಟೆಗಾರ ಮರೆಯಾಗಿ ಒಂದು ಆಟಿಕೆ ಉಳಿಯುತ್ತದೆ. ತರಗತಿಯಲ್ಲಿ ತೋರಿಸಿದಾಗ ಹುಡುಗಿಯೊಬ್ಬಳು ಕೇಳಿದ ಮೊದಲ ಪ್ರಶ್ನೆ, “ಇದು ಎಲ್ಲಿ ಸಿಗುತ್ತೆ ಮೇಡಂ, ಎಷ್ಟು ರೂಪಾಯಿ?” ಅವಳನ್ನು ಬೈದು ಫಲವೇನು, ಚಿತ್ರ ಹಾಗೆ ಕೇಳಿಸುತ್ತದೆ.

ಈ ಪ್ರಶ್ನೆ ನಗುವಂಥದ್ದಲ್ಲ. ಭಾರತ, ಶ್ರೀಲಂಕಾ, ನೇಪಾಳ ಬಿಟ್ಟರೆ ಈ ಬೆಕ್ಕು ಬೇರೆಲ್ಲೂ ಇಲ್ಲ. ನಮ್ಮ ಕರ್ನಾಟಕದಲ್ಲೂ ಇದೆ. ದಟ್ಟ ಕಾಡೇ ಬೇಕೆಂದಿಲ್ಲ. ಕುರುಚಲು ಗುಡ್ಡ, ಹೊಲದ ಅಂಚು, ಪಾಳುಮನೆಯ ಅಟ್ಟವಾದರೂ ಆದೀತು. ಕಬ್ಬು ಕಡಿಯುವಾಗ ಮರಿಗಳು ಸಿಗುವುದುಂಟು. ತಾಯಿ ಬಿಟ್ಟುಹೋಗಿದೆ ಎಂದುಕೊಂಡು ಯಾರೋ ಮನೆಗೆ ತರುತ್ತಾರೆ, ಹಾಲು ಕುಡಿಸುತ್ತಾರೆ. ಸಿಕ್ಕ ಜಾಗದಲ್ಲೇ ಇಟ್ಟು ದೂರ ಸರಿದರೆ ತಾಯಿ ಬಂದು ಒಯ್ಯಬಹುದು. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ ಇದು, ಸಾಕುವಂತಿಲ್ಲ. ಚಿತ್ರದಲ್ಲಿ ಬರೀ ಕಾಡು. ಕಬ್ಬಿನ ಗದ್ದೆಯೂ ಇಲ್ಲ, ಮನುಷ್ಯರೂ ಇಲ್ಲ.

ಸಂಶೋಧಕರು ಮರಕ್ಕೆ ಕಟ್ಟಿಟ್ಟ ಕ್ಯಾಮೆರಾಗಳ ಚಿತ್ರಗಳನ್ನು ನೋಡಿ. ಅರ್ಧ ಬಾಲ, ಮಸುಕು ಬೆನ್ನು, ಮೂಲೆಯಲ್ಲಿ ತಾರೀಖು ಮತ್ತು ಗಂಟೆ. ಕಲೆಯ ಮಾತು ಬಿಡಿ, ಮದುವೆ ಆಲ್ಬಮ್ಮಿನಲ್ಲಿ ಇಂಥದ್ದು ಬಂದರೆ ಫೋಟೋದವನಿಗೆ ದುಡ್ಡು ಕೊಡುವುದಿಲ್ಲ ನಾವು. ಆದರೆ ಅಲ್ಲಿ ಬೆಕ್ಕು ತನ್ನ ಪಾಡಿಗೆ ತಾನು ಎಲ್ಲಿಗೋ ಹೊರಟಿದೆ. ನಮ್ಮನ್ನು ಮೆಚ್ಚಿಸುವ ಹಂಗು ಅದಕ್ಕಿಲ್ಲ.

ಹಂಚು ಜಾರಿದ ಮನೆಯ ಅಟ್ಟದಲ್ಲಿ ಮರಿ ಹಾಕಿದ ತಾಯಿ, ಕೆಳಗೆ ಯಾರೋ ಬಿಟ್ಟುಹೋದ ಒರಳುಕಲ್ಲು: ಇಷ್ಟನ್ನು ಯಾರಾದರೂ ದೂರದಿಂದ, ಅದಕ್ಕೆ ತೊಂದರೆ ಕೊಡದೆ ತೆಗೆದರೆ, ಆ ಫೋಟೋವನ್ನು ನಮ್ಮ ಶಾಲೆಯ ಗೋಡೆಗೆ ಹಾಕಿಸುತ್ತೇನೆ.