ಫಿಯಾಕಿಯನ್ನರ ಅರಮನೆಯಲ್ಲಿ ಒಡಿಸ್ಯೂಸ್

ಹೋಮರನ ‘ಒಡಿಸ್ಸಿ’ಯ 24 ಸರ್ಗಗಳಲ್ಲಿ ಎಂಟನೆಯದನ್ನು ಬರಿಯ ಆತಿಥ್ಯದ ವರ್ಣನೆಯೆಂದು ಓದಿ ಮುಂದೆ ಸಾಗುವುದು ಸುಲಭ. ಟ್ರಾಯ್ ಯುದ್ಧದಲ್ಲಿ 10 ವರ್ಷ, ಅಲೆದಾಟದಲ್ಲಿ ಮತ್ತೆ 10 ವರ್ಷ ಕಳೆದ ಯೋಧ ಒಡಿಸ್ಯೂಸ್ ಬರಿಮೈಯಲ್ಲಿ ಫಿಯಾಕಿಯನ್ನರ ದಡ ಸೇರಿದ್ದಾನೆ. ಅವನನ್ನು ಊರಿಗೆ ಮುಟ್ಟಿಸಲು ದೊರೆ ಅಲ್ಕಿನೂಸ್ ಹಡಗು ಸಜ್ಜುಗೊಳಿಸಿದ್ದಾನೆ. ಹೊರಡುವವರೆಗೆ ಔತಣ, ಆಟೋಟ, ಉಡುಗೊರೆ. ಕ್ಯಾಲಿಪ್ಸೊಳ ದ್ವೀಪ ಬಿಟ್ಟ ಮೇಲೆ ದೊರೆಯದಿದ್ದ ಬಿಸಿನೀರಿನ ಸ್ನಾನವನ್ನು ಕಂಡು ಅವನ ಮನಸ್ಸು ಅರಳುತ್ತದೆ. ವೀರಕಾವ್ಯವೊಂದು ಬಿಸಿನೀರಿಗೆ ಇಷ್ಟು ಗಮನ ಕೊಡುವುದೇ ವಿಶೇಷ.

ಸ್ನಾನದ ನಂತರ ನಡೆಯುವುದು ಇನ್ನೂ ವಿಶೇಷವಾದುದು. ಅದೇ ದಿನ ಟ್ರಾಯ್‌ನ ಹಾಡು ಕೇಳಿ ಮುಖ ಮರೆಸಿಕೊಂಡು ಅತ್ತಿದ್ದವನು ಈಗ ಕುರುಡ ಗಾಯಕ ಡೆಮೊಡೊಕಸನಿಗೆ ತನ್ನ ಪಾಲಿನ ಮಾಂಸವನ್ನು ಕಳುಹಿಸಿ, ಮರದ ಕುದುರೆಯ ಕಥೆಯನ್ನು ತಾನೇ ಕೇಳಿ ಹಾಡಿಸುತ್ತಾನೆ. ಅದು ಅವನದೇ ಜಯದ ಕಥೆ. ಆದರೂ ಅಳುತ್ತಾನೆ. ಊರಿಗಾಗಿ ಹೋರಾಡಿ ಬಿದ್ದ ಗಂಡನನ್ನು ತಬ್ಬಿ ರೋದಿಸುತ್ತಿರುವಾಗಲೇ ಶತ್ರುಗಳು ಈಟಿಯಿಂದ ತಿವಿದು ದಾಸ್ಯಕ್ಕೆ ಎಳೆದೊಯ್ಯುವ ಹೆಂಗಸಿನ ಅಳುವಿಗೆ ಕವಿ ಅದನ್ನು ಹೋಲಿಸುತ್ತಾನೆ. ಗೆದ್ದವನ ಕಣ್ಣೀರಿಗೆ ಸೋತವರ ಹೆಣ್ಣು ಉಪಮಾನವಾಗಿದ್ದಾಳೆ.

ಇದನ್ನು ತೌರುನೆಲದ ಹಂಬಲವೆಂದಷ್ಟೇ ವಿವರಿಸುವುದು ಸಲ್ಲದು. ಕ್ಯಾಲಿಪ್ಸೊಳ ದ್ವೀಪದಲ್ಲಿ ಅವನು ಅತ್ತದ್ದು ಊರಿಗಾಗಿ. ಇಲ್ಲಿಯಾದರೋ ಊರಿನ ಪಯಣ ನಿಶ್ಚಯವಾಗಿದೆ. ಅಲೆಗಳೊಡನೆ ಸೆಣಸುವಾಗ ಯುದ್ಧವನ್ನು ನೆನೆಯಲು ಬಿಡುವಿರಲಿಲ್ಲ. ಮೈಗೆ ಸುಖ ಸಿಕ್ಕಿದೊಡನೆ ಟ್ರಾಯ್ ಮರಳಿ ಬಂದಿದೆ. ತನ್ನ ಹೆಸರನ್ನು ಅವನು ಹೇಳುವುದು ಈ ಅಳುವಿನ ನಂತರ, ಒಂಬತ್ತನೆಯ ಸರ್ಗದಲ್ಲಿ. ಹದಿಮೂರನೆಯದರಲ್ಲಿ, ದಿನವಿಡೀ ಉತ್ತು ದಣಿದ ರೈತ ರಾತ್ರಿಯೂಟಕ್ಕೆ ಕಾಯುವಂತೆ ಸೂರ್ಯಾಸ್ತಕ್ಕೆ ಕಾದು, ಹಡಗು ಹತ್ತಿ, ಗಾಢನಿದ್ರೆಯಲ್ಲಿಯೇ ಇಥಾಕಾ ತಲುಪುತ್ತಾನೆ.